ಫುಸಾಯೆ ಕಟ್ಟಿದ ಸುಳ್ಳು ಗಂಟು

ಸೊಸೆ ಬರೆದಿಟ್ಟ ಕಾಗದವನ್ನು ಫುಸಾಯೆ ಮೂರು ಸಲ ಓದಿದಳು. ಮೊದಲ ಸಲ ಕನ್ನಡಕವಿಲ್ಲದೆ, ಎರಡನೆಯ ಸಲ ಕನ್ನಡಕ ಹಾಕಿಕೊಂಡು, ಮೂರನೆಯ ಸಲ ಬರೀ ಸಿಟ್ಟಿಗೆ.

ನಗೋಯಾದಲ್ಲಿ ತಂಗಿರುವ ಅತಿಥಿಗಳಿಗೆ ಅರ್ಧ ದಿನದ ಪುಟ್ಟ ಪ್ರವಾಸ, ಗಂಟು ಕಟ್ಟಿ ಬಟ್ಟೆಗೆ ಬಣ್ಣ ಹಾಕುವವರ ಊರು ಅರಿಮತ್ಸು ಎಂದು ತಲೆಬರಹ. ಒಂಬತ್ತೂವರೆಗೆ ರೈಲು. ಹತ್ತಕ್ಕೆ ಹಳೆಯ ಹೆದ್ದಾರಿಯಲ್ಲಿ ನಡಿಗೆ. ಹತ್ತೂ ಮುಕ್ಕಾಲಿಗೆ ಅಸಾನೊ ಅವರ ಮನೆ, ಹಿರಿಯ ಕಟ್ಟುಗಾರ್ತಿಯ ಕೈಕೆಲಸ ನೋಡುವುದು, ಇಪ್ಪತ್ತೈದು ನಿಮಿಷ. ಆಮೇಲೆ ನೂಡಲ್ಸ್ ಊಟ.

"ಇಪ್ಪತ್ತೈದು ನಿಮಿಷವಂತೆ! ನಾನೇನು ಮೃಗಾಲಯದ ಕೋತಿನಾ, ನೋಡಿ ಕಡಲೆಕಾಯಿ ಎಸೆದು ಹೋಗೋಕೆ?"

ಸೊಸೆ ಕನಾಯೆ ಗಂಡನ ಬುತ್ತಿಗೆ ಅನ್ನ ತುಂಬುತ್ತಿದ್ದಳು. ತಲೆ ಎತ್ತಲಿಲ್ಲ. "ಕೋತಿ ಆದ್ರೂ ಜನ ಬಂದ್ರೆ ಸಂತೋಷ ಪಡುತ್ತೆ ಅತ್ತೆ."

"ನನ್ನ ಕೇಳಿದೆಯಾ ನೀನು?"

"ಕೇಳಿದ್ರೆ ಬೇಡ ಅಂತಿದ್ರಿ. ಅದಕ್ಕೇ ಕೇಳಲಿಲ್ಲ."

ಕನಾಯೆಗೆ ನಗೋಯಾದ ಒಂದು ಹೋಟೆಲಿನಲ್ಲಿ ಕೆಲಸ. ಬೆಳಗಿನ ಹೊತ್ತು ಬಿಡುವಿದ್ದ ಅತಿಥಿಗಳನ್ನು ಎಲ್ಲಿಗಾದರೂ ಕಳಿಸುವ ಯೋಜನೆ ಹಾಕುವುದು ಅವಳ ಪಾಲಿಗೆ ಬಂದಿತ್ತು. ಎಲ್ಲಿಗಾದರೂ ಎಂದರೆ ಅತ್ತೆಯ ಮನೆಗೇ ಕಳಿಸಬೇಕಾ? ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಎಪ್ಪತ್ತಾರರ ಹೆಂಗಸಿನ ಬೆಂಕಿಗೆ ಇದಕ್ಕಿಂತ ಬೇರೆ ತುಪ್ಪ ಬೇಕೆ! ಅಂದು ಫುಸಾಯೆ ಬೆಳಗಿನ ಸಾರನ್ನು ಮುಟ್ಟಲಿಲ್ಲ.

ಅವರಿಬ್ಬರದು ಹನ್ನೊಂದು ವರ್ಷದಿಂದ ಎಣ್ಣೆ ಸೀಗೇಕಾಯಿ. ಶುರುವಾದದ್ದು ಮದುವೆಯಾದ ಎರಡನೆಯ ವಾರ. ಹೊಸ ಸೊಸೆ ನೋಟ್‌ಬುಕ್ಕು, ಫೋನು ಹಿಡಿದು ಮುಂದೆ ಬಂದು ಕುಳಿತು, "ಅತ್ತೆ, ನಂಗೂ ಕಟ್ಟೋದು ಕಲಿಸ್ತೀರಾ?" ಎಂದಿದ್ದಳು. "ಕೇಳಿದವರಿಗೆಲ್ಲ ಬಡಿಸೋಕೆ ಇದು ಉಪ್ಪಿನಕಾಯಿ ಅಲ್ಲ ಕಣೇ," ಎಂದಿದ್ದಳು ಫುಸಾಯೆ. ಕನಾಯೆ ನೋಟ್‌ಬುಕ್ಕು ಮುಚ್ಚಿ ಎದ್ದು ಹೋದಳು. ಮತ್ತೆಂದೂ ಕೇಳಲಿಲ್ಲ.

ಅರಿಮತ್ಸುವಿನ ಕಟ್ಟುಗಾರ್ತಿಯರಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಗಂಟು. ಮೀನಿನ ಮರಿಯಂಥ ಚುಕ್ಕೆ ಕಟ್ಟುವವಳು ಸಾಯುವತನಕ ಅದನ್ನೇ ಕಟ್ಟುತ್ತಾಳೆ, ಪಕ್ಕದ ಮನೆಯ ಗಂಟಿಗೆ ಕೈ ಹಾಕುವುದಿಲ್ಲ. ಯಾವ ಗಂಟು ಬೇಕೋ ಆ ಮನೆಗೆ ಬಟ್ಟೆಯೇ ಹೋಗುತ್ತದೆ. ಅಸಾನೊ ಮನೆಯದು ಜೇಡರಬಲೆ. ಬಟ್ಟೆಯನ್ನು ಕೊಕ್ಕೆಗೆ ಸಿಕ್ಕಿಸಿ, ಮಡಿಕೆ ಮಡಿಕೆಯಾಗಿ ಹಿಡಿದು, ಬುಡದಿಂದ ತುದಿಗೆ ದಾರ ಸುತ್ತುವುದು ಯಾರಿಗಾದರೂ ಬರುತ್ತದೆ. ಆದರೆ ಸುತ್ತುವ ಮೊದಲು ಕಿರುಬೆರಳಿನ ಉಗುರಿನಿಂದ ಒಂದೇ ಒಂದು ಮಡಿಕೆಯನ್ನು ಒಳಕ್ಕೆ ದೂಡಬೇಕು. ಆಗಲೇ ಬಣ್ಣ ಹಾಕಿದ ಮೇಲೆ ಬಲೆಯ ನಡುವೆ ಒಂದು ಎಳೆ ಕಡಿದಂತೆ ಕಾಣುವುದು, ಅದೇ ಈ ಮನೆಯ ಗುರುತು. ಆ ಉಗುರು ಎದುರಿಗೆ ಕುಳಿತವರಿಗೆ ಕಾಣುವುದಿಲ್ಲ, ಕಟ್ಟುವವಳ ಬಲಭುಜದ ಹಿಂದೆ ನಿಂತರೆ ಮಾತ್ರ ಕಾಣುತ್ತದೆ.

ಫುಸಾಯೆಗೂ ಅದನ್ನು ಯಾರೂ ಕಲಿಸಿದ್ದಲ್ಲ. ಕಡಲ ಕಡೆಯ ಮೀನುಗಾರರ ಹಳ್ಳಿಯಿಂದ ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದಾಗ ಅತ್ತೆ ಇಸೊಯೆ ಮೂಗು ಮುಚ್ಚಿಕೊಂಡು, "ಪಾಚಿ ವಾಸನೆ ಹೊಡೀತಾಳೆ," ಎಂದಿದ್ದಳು. ಆರು ವರ್ಷ ಬಣ್ಣವಾಗಿ ಬಂದ ಗಂಟುಗಳನ್ನು ಬಿಚ್ಚುವುದು, ಚಹಾ ತಂದಿಡುವುದು, ಬೈಸಿಕೊಳ್ಳುವುದು, ಇಷ್ಟೇ. ಚಹಾ ಇಡುವಾಗ ಮಾತ್ರ ಅವಳು ಬಲಭುಜದ ಹಿಂದೆ ಎರಡು ಉಸಿರು ಹೆಚ್ಚು ನಿಲ್ಲುತ್ತಿದ್ದಳು. ಗಂಟು ತನ್ನೊಂದಿಗೇ ಮಣ್ಣಾಗುತ್ತದೆಂದು ಇಸೊಯೆ ಸಂತೋಷದಿಂದ ಸತ್ತಳು. ಸತ್ತ ನಲವತ್ತೊಂಬತ್ತನೆಯ ದಿನದ ಪೂಜೆ ಮುಗಿದದ್ದೇ ಫುಸಾಯೆ ಗಂಟು ಕಟ್ಟುವ ಮಣೆಯ ಮುಂದೆ ಕುಳಿತಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಈಗ ಅದೇ ಫುಸಾಯೆಗೂ ಗಂಟನ್ನು ಜೊತೆಗೇ ಒಯ್ಯುವ ಹಟ. ಅದು ಎಂಥ ನೀಚ ಹಟ ಎನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ಬಿಡಲೊಲ್ಲಳು.

ಅವಳು ಬಿಡದಿದ್ದರೂ ಕೈಯೇ ಬಿಟ್ಟಿತ್ತು. ಬಲ ಮಣಿಕಟ್ಟು ಚಳಿಗಾಲದಿಂದಲೇ ಸೋತಿತ್ತು. ದಿನಕ್ಕೆ ಮುನ್ನೂರು ಕಟ್ಟುತ್ತಿದ್ದವಳಿಗೆ ಎಪ್ಪತ್ತಕ್ಕೇ ದಾರ ಜಾರುತ್ತಿತ್ತು. ಮಣೆಯ ಮೇಲಿನ ಬಟ್ಟೆಯ ಥಾನು ಏಳು ತಿಂಗಳಾದರೂ ಅರ್ಧಕ್ಕೇ ನಿಂತಿತ್ತು. ಮನೆಮನೆಗೆ ಬಟ್ಟೆ ಮುಟ್ಟಿಸುವ ಮುರಾಸೆ ಸ್ಕೂಟರಿನಲ್ಲಿ ಬಂದಾಗಲೆಲ್ಲ ಅವಳು ಬಟ್ಟೆಯನ್ನೇ ದೂರುತ್ತಿದ್ದಳು.

"ಬಟ್ಟೆ ಒರಟು ಅಂತೀರಿ, ಸರಿ," ಎಂದಿದ್ದ ಮುರಾಸೆ ಹೋದ ವಾರ. "ಆದ್ರೆ ಫುಸಾಯೆ ಸಾನ್, ಚೆರ್ರಿ ಹೂ ಬಿಡೋ ಹೊತ್ತಿಗೆ ಇದು ಬರದೆ ಇದ್ರೆ ಬಣ್ಣದವರು ಜೇಡರಬಲೆನೇ ಕೈ ಬಿಡ್ತಾರಂತೆ. ಉಳಿದದ್ದನ್ನ ಬೇರೆಯವರ ಕೈಲಿ ಕಟ್ಟಿಸೋಣ ಅಂದ್ರೂ ಆಗಲ್ಲ. ಒಂದು ಥಾನಿಗೆ ಒಂದೇ ಕೈ. ಎರಡು ಕೈ ಬಿದ್ರೆ ಬಣ್ಣದಲ್ಲಿ ಬೇಲಿ ಹಾಕಿದಂಗೆ ಕಾಣುತ್ತೆ, ನಿಮಗೇ ಗೊತ್ತಲ್ಲ."

"ನನಗೇ ಪಾಠ ಹೇಳ್ತೀಯೇನೋ? ಹೋಗೋ."

ಪ್ರವಾಸದ ಗುರುವಾರ ಬಂತು. ಆರು ಜನ ಬಂದರು, ಬಾಗಿಲಲ್ಲಿ ಚಪ್ಪಲಿಗಳನ್ನು ಸಾಲಾಗಿ ಬಿಟ್ಟು ಚಾಪೆಯ ಮೇಲೆ ಕುಳಿತರು. ಬಾಗಿಲು ಹಾಕಿಕೊಂಡು ಮಲಗಿಬಿಡೋಣ ಎಂದು ಫುಸಾಯೆ ಮೊದಲು ಅಂದುಕೊಂಡಿದ್ದಳು. ಆಮೇಲೆ ಅದಕ್ಕಿಂತ ಒಳ್ಳೆಯ ಸೇಡು ಹೊಳೆಯಿತು. ಒಳ್ಳೆಯ ನೀಲಿ ಕಿಮೋನೊ ಉಟ್ಟು, ಒಂದು ತುಂಡು ಬಟ್ಟೆಯನ್ನು ಕೊಕ್ಕೆಗೆ ಸಿಕ್ಕಿಸಿ, ನಗುನಗುತ್ತ ಗಂಟು ಕಟ್ಟಿದಳು. ಉಗುರನ್ನು ಮಾತ್ರ ಆಡಿಸಲಿಲ್ಲ. ಇದು ಯಾವ ಮನೆಯ ಗಂಟೂ ಅಲ್ಲ, ಇಪ್ಪತ್ತೈದು ನಿಮಿಷದವರಿಗೆ ಇದೇ ಹೆಚ್ಚು! ಅತಿಥಿಗಳು ಅಬ್ಬಬ್ಬಾ ಎಂದರು, ಚಪ್ಪಾಳೆ ತಟ್ಟಿದರು. ಸೆಂದಾಯ್ ಕಡೆಯ ಒಬ್ಬ ಹೆಂಗಸಿಗೆ ಕಣ್ಣಲ್ಲಿ ನೀರೇ ಬಂತು. ಎಲ್ಲರ ಕಣ್ಣಿಗೂ ಮಣ್ಣೆರಚಿದ ಖುಷಿಯಲ್ಲಿ ಫುಸಾಯೆ ಎರಡನೆಯದನ್ನೂ ಹಾಗೆಯೇ ಕಟ್ಟಿದಳು.

ಆಗ ಕನಾಯೆ ಚಹಾ ತಂದಳು. ಲೋಟವನ್ನು ಅತ್ತೆಯ ಬಲಗಡೆ ಇಡುತ್ತ, ಅವಳಿಗಷ್ಟೇ ಕೇಳುವಂತೆ ಹೇಳಿದಳು:

"ಅತ್ತೆ, ಕಿರುಬೆರಳು ಮರೆತ್ರಿ."

ಫುಸಾಯೆಯ ಕೈ ಅಲ್ಲೇ ನಿಂತಿತು. ಅತಿಥಿಗಳು ಏನೋ ಕೇಳುತ್ತಿದ್ದರು, ಅವಳಿಗೆ ಒಂದು ಮಾತೂ ಕಿವಿಗೆ ಬೀಳಲಿಲ್ಲ.

ಹನ್ನೊಂದು ದಾಟಿ ಹತ್ತು ನಿಮಿಷವಾದಾಗ, ಕನಾಯೆ ಹೇಳಿಟ್ಟಿದ್ದಂತೆ ಮುರಾಸೆ ಬಂದು ಅವರನ್ನೆಲ್ಲ ಊಟಕ್ಕೆ ಕರೆದೊಯ್ದ. ಬಾಗಿಲು ಸರಿದು ಮುಚ್ಚಿದ್ದೇ ಫುಸಾಯೆ ತಿರುಗಿದಳು.

"ಯಾವತ್ತಿಂದ ಕದೀತಿದ್ದೀಯಾ?"

"ಉಪ್ಪಿನಕಾಯಿ ಅಲ್ಲ ಅಂದ್ರಲ್ಲ, ಅವತ್ತು ಸಾಯಂಕಾಲದಿಂದ."

"ನಾಚಿಕೆ ಆಗಲ್ವಾ?"

"ನಿಮಗಾಗಿತ್ತಾ?"

ಎಂಥ ಬಾಯಿ! ಹೊಡೆಯಬೇಕೆನ್ನಿಸಿತು. ಹೊಡೆಯುವ ಬದಲು ಫುಸಾಯೆ ಕೊಕ್ಕೆಯನ್ನು ಅವಳ ಕಡೆಗೆ ದೂಡಿದಳು. "ಕಟ್ಟು ನೋಡೋಣ."

ಕನಾಯೆ ಕುಳಿತು ಕಟ್ಟಿದಳು. ಉಗುರು ಹೋಗಬೇಕಾದಲ್ಲಿಗೇ ಹೋಯಿತು. ಫುಸಾಯೆ ಗಂಟನ್ನು ಹಿಂಡಿದಳು, ಬೆಳಕಿಗೆ ಹಿಡಿದಳು, ಹಲ್ಲಿನಿಂದ ದಾರ ಎಳೆದು ನೋಡಿದಳು. ತಪ್ಪು ಹುಡುಕಿ ಹುಡುಕಿ ಸೋತಳು.

"ಬಿಗಿ ಜಾಸ್ತಿ. ಯಾರ ಕತ್ತು ಹಿಸುಕ್ತಿದ್ದೀಯ?"

"ಹೇಳಲೇಬೇಕಾ ಅತ್ತೆ?"

ಫುಸಾಯೆಗೆ ನಗು ಬಂದಿತ್ತು, ನುಂಗಿಕೊಂಡಳು. ಕನಾಯೆ ದನಿ ತಗ್ಗಿಸಿ ಹೇಳಿದಳು: "ಉಳಿದರ್ಧ ಥಾನು ನಾನು ಕಟ್ತೀನಿ. ನಿಮ್ಮ ಕೈಲಿ ಆಗಲ್ಲ. ಏಳು ತಿಂಗಳಿಂದ ಲೋಟಾನ ಎಡಗೈಲಿ ಎತ್ತುತ್ತಿದ್ದೀರಿ. ನನಗೆ ಕಾಣಲ್ಲ ಅಂದ್ಕೊಂಡ್ರಾ?"

ಸಂಬಂಧಿಕರಿಗೆ, ನೆರೆಯವರಿಗೆ, ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೂ ಕಾಣದ್ದು ಈ ಶತ್ರುವಿಗೆ ಕಂಡಿತ್ತು. ಫುಸಾಯೆಗೆ ಅವಮಾನದಿಂದ ಕಿವಿ ಕೆಂಪಾಯಿತು. ಎದ್ದು ಹೋಗಿ ಮಣೆಯ ಮೇಲಿನ ಥಾನನ್ನು ತಂದು ಮಡಿಲಿಗೆ ಹಾಕಿಕೊಂಡಳು. ಸಾವಿರಾರು ಗಂಟುಗಳು ಮುಳ್ಳಿನಂತೆ ಎದ್ದು ನಿಂತಿದ್ದವು. ಒಂದರ ದಾರದ ತುದಿ ಹಿಡಿದು ಜಗ್ಗಿದಳು. ಪಟ್ ಎಂದು ಗಂಟು ಬಿಚ್ಚಿತು. ಇನ್ನೊಂದನ್ನು ಜಗ್ಗಿದಳು.

"ಅತ್ತೆ! ಏನು ಮಾಡ್ತಿದ್ದೀರಿ? ಏಳು ತಿಂಗಳ ಕೆಲಸ!"

"ಒಂದು ಥಾನಿಗೆ ಒಂದೇ ಕೈ. ನನ್ನದರ ಪಕ್ಕ ನಿನ್ನ ಕತ್ತು ಹಿಸುಕೋ ಗಂಟು ಬಂದ್ರೆ ಊರು ನಗುತ್ತೆ." ಪಟ್. "ಚೆರ್ರಿ ಹೂ ಬಿಡೋಕೆ ಇನ್ನು ಆರು ತಿಂಗಳಿದೆ. ಒಬ್ಬಳೇ ಪೂರ್ತಿ ಕಟ್ತೀಯಾ? ಆಗಲ್ಲ ಅಂದ್ರೆ ಈಗಲೇ ಹೇಳಿಬಿಡು."

ಕನಾಯೆ ಬಟ್ಟೆಯ ಕಡೆಗೆ ಕೈ ಚಾಚಿದಳು. "ಕಟ್ತೀನಿ. ಕೊಡಿ, ನಾನು ಬಿಚ್ತೀನಿ. ನಿಮಗೆ ನೋಯುತ್ತೆ."

"ಮುಟ್ಟಿದ್ರೆ ನೋಡು!"

ನೋಯುತ್ತಲೇ ಇತ್ತು. ಪ್ರತಿ ಗಂಟಿಗೂ ಮಣಿಕಟ್ಟಿನಿಂದ ಮೊಣಕೈವರೆಗೆ ಉರಿ ಏರುತ್ತಿತ್ತು. ಅವಳು ಹಲ್ಲು ಕಚ್ಚಿ, ಸೊಸೆಯನ್ನೂ ಸತ್ತ ಅತ್ತೆಯನ್ನೂ ಒಟ್ಟಿಗೇ ಬೈಯುತ್ತ, ನಡುನಡುವೆ ಎಡಗೈಗೆ ಬದಲಿಸುತ್ತ ಮೂರು ದಿನ ಬಿಚ್ಚಿದಳು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಥಾನಿನಲ್ಲಿ ಅವಳದು ಎನ್ನುವ ಒಂದು ಗಂಟೂ ಉಳಿಯಲಿಲ್ಲ.

ಸುಕ್ಕುಸುಕ್ಕಾದ ಆ ಬಿಳಿ ಬಟ್ಟೆಯನ್ನು ಅವಳು ಸೊಸೆಗೆ ಕೊಡಲಿಲ್ಲ, ಎದುರಿಗೆ ಎಸೆದಳು.

"ಮುಂದಿನ ಗುರುವಾರ ನಿನ್ನ ಜನ ಬಂದಾಗ ನೀನೇ ಕೂತ್ಕೋ," ಎಂದಳು. "ಮುದುಕಿ ಎಲ್ಲಿ ಅಂತ ಕೇಳಿದ್ರೆ, ಕಟ್ಟೋದು ಬಿಟ್ಟಳು ಅಂತ ಹೇಳು."