ಸೋಸುಬಟ್ಟೆ ಅಕ್ಕ

ಆನ್‌ಲೈನ್ ಆಟದ ಕಂಪನಿಯಲ್ಲಿ ಆಟಗಾರರ ಚಾಟ್ ಕಾಯುವುದು ಅವಳ ಕೆಲಸ. ಕಚೇರಿಯವರ ಬಾಯಲ್ಲಿ ಅವಳು ಸೋಸುಬಟ್ಟೆ ಅಕ್ಕ. ಕೆಟ್ಟ ಮಾತನ್ನು ಅಳಿಸಿ ಅದರ ಜಾಗದಲ್ಲಿ ಚುಕ್ಕಿ ಇಡಲು ಫಿಲ್ಟರ್ ಇದೆ. ಫಿಲ್ಟರಿನ ಕಣ್ಣಿಗೆ ಮಣ್ಣೆರಚಿ ನುಸುಳಿದ್ದನ್ನು ಹಿಡಿಯಲು ಅಕ್ಕ ಇದ್ದಾಳೆ. ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ ಬೆಳಗಿನಿಂದ ಸಂಜೆಯವರೆಗೆ ಬೈಗುಳ ಆರಿಸುತ್ತಾಳೆ. ಸೋತವನು ಗೆದ್ದವನ ಏಳು ತಲೆಮಾರು ಎತ್ತಿ ಬೈದರೂ ಅವಳ ಹುಬ್ಬು ಅಲುಗದು; "ಪಾಪ, ಹೊಟ್ಟೆ ಹಸಿದಿರ್ಬೇಕು" ಎಂದು ಅವನ ಬಾಯಿಗೆ ಒಂದು ಗಂಟೆ ಬೀಗ ಹಾಕಿ ಮುಂದಿನವನ ಕಡೆ ತಿರುಗುತ್ತಾಳೆ. ಹೊಸ ನಮೂನೆಯ ಬೈಗುಳ ಸಿಕ್ಕರೆ, "ನೋಡ್ರೋ, ಎಷ್ಟು ತಲೆ ಓಡ್ಸಿದಾನೆ!" ಎಂದು ಪಕ್ಕದವರನ್ನೂ ಕರೆಯುತ್ತಾಳೆ. ಅವಳ ಸ್ವಂತ ಬಾಯಿ ಮಾತ್ರ ತೊಳೆದಿಟ್ಟ ಪಾತ್ರೆ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ "ಪರವಾಗಿಲ್ಲ ಬಿಡಿ, ಇನ್ನೊಂದಿದೆ" ಎನ್ನುತ್ತಾಳೆ. ಗಂಡನ ಮೇಲೆ ಸಿಟ್ಟು ಬಂದರೆ ಮರ್ಯಾದೆ ಇನ್ನೂ ಏರುತ್ತದೆ: "ತಾವು ಒದ್ದೆ ಟವಲನ್ನ ಹಾಸಿಗೆ ಮೇಲೇ ಬಿಟ್ಟಿದ್ದೀರಿ." ಅವಳು ಬೆಚ್ಚುವುದು ಬೇರೆಯದಕ್ಕೆ. ಒಮ್ಮೊಮ್ಮೆ ಆ ಕೊಚ್ಚೆಯ ನಡುವೆ ಬೆಣ್ಣೆಯಂಥ ಮಾತು ತೇಲಿಬರುತ್ತದೆ: "ಎಷ್ಟು ಚೆನ್ನಾಗಿ ಆಡ್ತೀಯ ಪುಟ್ಟಿ! ಮನೇಲಿ ಯಾರೂ ಇಲ್ವಾ? ಅಮ್ಮಂಗೆ ಹೇಳ್ಬೇಡ, ಆಯ್ತಾ?" ಫಿಲ್ಟರಿಗೆ ಅದರಲ್ಲಿ ಒಂದು ತಪ್ಪೂ ಕಾಣದು. ಅಕ್ಕನ ಚಹಾ ಲೋಟ ತುಟಿಯ ಹತ್ತಿರವೇ ನಿಲ್ಲುತ್ತದೆ. ಅದನ್ನು ಬರೆದವನ ಖಾತೆ ಮುಚ್ಚಿಸಿ, ಮಗುವಿನ ಮನೆಯವರಿಗೆ ಸುದ್ದಿ ಮುಟ್ಟಿಸಿ, ಆಮೇಲೆ ಅವಳು ತಾನು ದಿನವಿಡೀ ಅಳಿಸಿದ್ದರಲ್ಲೇ ತೀರ ಹೊಲಸಾದ ಬೈಗುಳವನ್ನು ಆರಿಸಿ, ಖಾಲಿ ಪರದೆಯ ಮುಖಕ್ಕೆ ಗಟ್ಟಿಯಾಗಿ ಬೈಯುತ್ತಾಳೆ. ಆಗ ಕಚೇರಿಯಲ್ಲಿ ಯಾರೂ ನಗುವುದಿಲ್ಲ.