ಬಿಸಿನೀರು ಚೆಲ್ಲುವ ಮುನ್ನ

ನಾನು ಹುಟ್ಟಾ ಚಿಂತೆಗಾರ. ವಿಮಾನ ಹತ್ತಿದರೆ ಅದರ ರೆಕ್ಕೆಯ ಬಗ್ಗೆ, ಇಳಿದರೆ ಬ್ಯಾಗಿನ ಬಗ್ಗೆ, ಬ್ಯಾಗು ಸಿಕ್ಕರೆ ಅದು ಇಷ್ಟು ಬೇಗ ಹೇಗೆ ಸಿಕ್ಕಿತು ಎಂಬುದರ ಬಗ್ಗೆ ಚಿಂತೆ ಮಾಡುವ ಜಾತಿ. ಇಷ್ಟೆಲ್ಲ ಚಿಂತೆಗಳ ನಡುವೆ ದೆವ್ವ ಭೂತಗಳಿಗೆ ಮಾತ್ರ ನನ್ನಲ್ಲಿ ಜಾಗವಿರಲಿಲ್ಲ. ಯಾರಾದರೂ ಅಂಥ ಕಥೆ ಶುರು ಮಾಡಿದರೆ ತಟ್ಟೆ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿರುವುದು ಮುಜುಗರದ ವಿಷಯ. ನೀವು ನಂಬಲೇಬೇಕೆಂದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಶಿಕಾಗೊ ಹೊರವಲಯದ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ನಾವು ತಯಾರಿಸುತ್ತಿದ್ದದ್ದು ಹಬೆಯಲ್ಲಿ ಅಡುಗೆ ಬೇಯಿಸುವ, ಮಾತನಾಡುವ ಯಂತ್ರ. ಮುಚ್ಚಳ ತೆಗಿ, ನೀರು ಹಾಕು ಎಂದು ಅದೇ ಹೇಳುತ್ತದೆ. ಕೊನೆಗೆ ತಳದಲ್ಲಿ ಉಳಿದ ಕುದಿನೀರನ್ನು ಒಂದು ಕೊಳವೆಯಿಂದ ತಾನೇ ಸಿಂಕಿಗೆ ಬಿಡುತ್ತದೆ. ಅಮೆರಿಕದಲ್ಲಿ ಅದನ್ನು ಯಾರೂ ಕೊಳ್ಳಲಿಲ್ಲ. ಇಲ್ಲಿನವರಿಗೆ ಯಂತ್ರ ಮಾತಾಡಿದರೆ ಸಿಟ್ಟು ಬರುತ್ತದೆ. ಮೊರಾಕೊದಲ್ಲಿ ಶುಕ್ರವಾರ ಬಂದರೆ ಮನೆಮನೆಯಲ್ಲೂ ಕುಸ್ಕುಸ್ ಎಂಬ, ನಮ್ಮ ರವೆಯಂಥ ಪದಾರ್ಥವನ್ನು ಹಬೆಯಲ್ಲಿ ಬೇಯಿಸುತ್ತಾರೆಂದು ಯಾರೋ ಪತ್ತೆ ಮಾಡಿದರು. ಅಲ್ಲಿಗೆ ಮಾರುವುದೆಂದು ತೀರ್ಮಾನವಾಯಿತು. ಯಂತ್ರ ಯಾವ ಭಾಷೆಯಲ್ಲಿ ಮಾತಾಡಬೇಕೆಂದು ಆರಿಸುವ ಹೊಣೆ ನನಗೆ ಬಂತು.

ನಾನು ಅರಬ್ಬಿ ಎಂದು ಬರೆದು ಕೊಟ್ಟೆ. ಅಷ್ಟೇ. ಆಫೀಸಿನಲ್ಲಿ ಯಾರಾದರೂ ‘ನೀವು ಮನೆಯಲ್ಲಿ ಹಿಂದಿ ಮಾತಾಡ್ತೀರಲ್ಲವೆ’ ಎಂದು ಕೇಳಿದರೆ ಕಿವಿ ಕೆಂಪಾಗಿಸಿಕೊಂಡು ಕರ್ನಾಟಕದ ಭೂಪಟ ಬಿಡಿಸಿ ತೋರಿಸುವ ಮನುಷ್ಯ ನಾನು. ಅಂಥವನೇ ಒಂದು ಇಡೀ ದೇಶದ ಅಡುಗೆಮನೆಗಳಿಗೆ ಪುಸ್ತಕದ ಅರಬ್ಬಿಯನ್ನು ಹಂಚಿಬಿಟ್ಟೆ. ಮೊರಾಕೊದ ಕಾಸಾಬ್ಲಾಂಕಾ ನಗರದ ವಿತರಕರು ಧ್ವನಿ ಕೇಳಿ ವಿನಯದಿಂದ ಬರೆದರು: ಕೈಪಿಡಿ ಫ್ರೆಂಚಿನಲ್ಲಿರಲಿ, ಮಾತು ಮಾತ್ರ ನಮ್ಮ ಮನೆಮಾತಾದ ದಾರಿಜಾದಲ್ಲಿರಲಿ, ನಿಮ್ಮ ಯಂತ್ರ ಮಾತಾಡಿದರೆ ವಾರ್ತೆ ಓದುವವರು ಒಲೆಯ ಪಕ್ಕ ಬಂದು ನಿಂತ ಹಾಗಿದೆ. ಸೋಮವಾರ ಬೆಳಿಗ್ಗೆ ಅವರು ಶಿಕಾಗೊಗೆ ಬಂದು ಯಂತ್ರವನ್ನು ನೋಡುವವರಿದ್ದರು. ಒಪ್ಪದಿದ್ದರೆ ನಮ್ಮ ವಿಭಾಗವನ್ನೇ ಮುಚ್ಚುವುದಾಗಿ ಮ್ಯಾನೇಜರ್ ಮೊದಲೇ ಹೇಳಿದ್ದ.

ಬೇರೆ ಸಮಯದಲ್ಲಾಗಿದ್ದರೆ ಇನ್ನೊಂದು ಕೆಲಸ ಹುಡುಕುತ್ತಿದ್ದೆ. ಆದರೆ ನನ್ನ ಹೆಂಡತಿ ಸುಮಾಳ ಬೆನ್ನುಮೂಳೆಯ ಎರಡನೆಯ ಆಪರೇಷನ್ ಮುಂದಿನ ತಿಂಗಳಿತ್ತು. ಇಲ್ಲಿ ಕೆಲಸ ಹೋದರೆ ಆರೋಗ್ಯ ವಿಮೆಯೂ ಹೋಗುತ್ತದೆ. ಅವಳು ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ನೋಡುತ್ತ, ದಾರಿಜಾ ಬಲ್ಲವರು ಎಲ್ಲಿ ಸಿಗುತ್ತಾರೆಂದು ನಾನು ಕಂಡಕಂಡವರಿಗೆಲ್ಲ ಫೋನ್ ಮಾಡುತ್ತಿದ್ದೆ. ಕೊನೆಗೆ ಮಿಶಿಗನ್‌ನ ನಾರ್ತ್‌ವಿಲ್‌ನಲ್ಲಿರುವ ಗೆಳೆಯ ಶ್ರೀಧರ ಸಿಕ್ಕಿದ. ನಿಮ್ಮ ಡೆಟ್ರಾಯಿಟ್ ಕಡೆ ಅರಬ್ಬರು ಬೇಕಾದಷ್ಟಿದ್ದಾರಲ್ಲ ಎಂದೆ.

“ಇದ್ದಾರೆ ಕಣೋ, ಲೆಬನಾನ್‌ನವರು, ಯೆಮನ್‌ನವರು. ನೀನು ಮಂಡ್ಯದವನನ್ನ ಹಿಡಿದು ಪಂಜಾಬಿ ರೆಕಾರ್ಡ್ ಮಾಡಿಸೋ ಗಿರಾಕಿ” ಎಂದ. “ನಮ್ಮ ಬಡಾವಣೇಲೇ ನಯೀಮಾ ಅಂತ ಡಾಕ್ಟರ್ ಇದ್ದಾರೆ, ಮೊರಾಕೊದವರು. ಅವರ ತಾಯಿನೂ ಜೊತೇಲೇ ಇರ್ತಾರೆ. ಕೇಳಿ ನೋಡ್ತೀನಿ. ಆದ್ರೆ ಬಂದ ತಕ್ಷಣ ಮೈಕ್ ತೆಗೀಬೇಡ. ಕೂತು ಎರಡು ಮಾತಾಡು.”

ಶುಕ್ರವಾರ ಬೆಳಿಗ್ಗೆ ಯಂತ್ರವನ್ನು ಕಾರಿನಲ್ಲಿಟ್ಟುಕೊಂಡು ಹೊರಟೆ. ನಯೀಮಾ ಅವರ ತಾಯಿ ಲಲ್ಲಾ ಹಬೀಬಾ. ಲಲ್ಲಾ ಎಂದರೆ ಅವರಲ್ಲಿ ಅಮ್ಮಾವ್ರೇ ಎಂದ ಹಾಗೆ. ಅವರಿಗೆ ಇಂಗ್ಲಿಷ್ ಬಾರದು. ಮಗಳು ನಡುವೆ ಕೂತು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲು ಪುದೀನ ಚಹಾ ಬಂತು. ಆಮೇಲೆ ದೊಡ್ಡ ತಟ್ಟೆಯಲ್ಲಿ ಕುಸ್ಕುಸ್ ಬಂತು. ಎಲ್ಲರೂ ಅದೊಂದೇ ತಟ್ಟೆಯಿಂದ, ಅವರವರ ಮುಂದಿನ ಪಾಲನ್ನು ತಿನ್ನುವುದು ಅವರ ಪದ್ಧತಿ. ನಾನು ಸಸ್ಯಾಹಾರಿ ಎಂದು ತಿಳಿದು ಆ ದಿನ ಮಾಂಸವಿಲ್ಲದೆ ಮಾಡಿದ್ದರು. ಲಲ್ಲಾ ತಮ್ಮ ಮುಂದಿನ ಕುಂಬಳಕಾಯಿ ಹೋಳುಗಳನ್ನೆಲ್ಲ ನನ್ನ ಕಡೆ ತಳ್ಳುತ್ತಲೇ ಇದ್ದರು. ನನ್ನ ಕಣ್ಣು ಗಡಿಯಾರದ ಮೇಲಿತ್ತು. ಶ್ರೀಧರ ಮೇಜಿನ ಕೆಳಗೆ ನನ್ನ ಕಾಲು ತುಳಿದ.

ರೆಕಾರ್ಡಿಂಗ್ ಶುರುವಾದ ಮೇಲೆ ಲಲ್ಲಾ ನನ್ನ ಬರಹವನ್ನು ಕೇಳಿ ನಕ್ಕರು. ‘ಮುಚ್ಚಳವನ್ನು ತೆರೆಯಿರಿ’ ಎಂದಿದ್ದ ಕಡೆ ಅವರು ಹೇಳಿದ್ದು ‘ಮುಚ್ಚಳ ತೆಗಿಯಮ್ಮ, ಕೈ ಜೋಪಾನ’ ಎಂಬಂಥ ಮಾತು. ಎಲ್ಲವೂ ಹಾಗೇ ಸಲೀಸಾಗಿ ಹೋಯಿತು. ಆದರೆ ‘ಬಿಸಿನೀರು ಹೊರಗೆ ಹೋಗುತ್ತಿದೆ’ ಎಂಬ ಕೊನೆಯ ಸಾಲಿಗೆ ಬಂದಾಗ ಅವರು ಮೈಕನ್ನು ಪಕ್ಕಕ್ಕಿಟ್ಟರು.

“ಹೇಳದೆ ಕೇಳದೆ ಕುದಿನೀರು ಸುರಿಯೋದಾ ಅಂತ ಕೇಳ್ತಿದ್ದಾರೆ” ಎಂದರು ನಯೀಮಾ. “ನಮ್ಮಲ್ಲಿ ಮೋರಿಗೆ ಬಿಸಿನೀರು ಚೆಲ್ಲೋ ಮುಂಚೆ ದೇವರ ಹೆಸರು ಹೇಳ್ತೀವಿ. ಅಲ್ಲಿರೋರು ಸ್ವಲ್ಪ ಸರಿದುಕೊಳ್ಳಲಿ ಅಂತ.”

“ಅಲ್ಲಿರೋರು ಅಂದ್ರೆ?”

“ಅಲ್ಲಿರೋರು, ಅಷ್ಟೆ. ಅವರನ್ನ ಹೆಸರಿಟ್ಟು ಕರೆಯೋದಿಲ್ಲ.” ಡಾಕ್ಟರಮ್ಮ ನಗಲಿಲ್ಲ. ನಾನೂ ನಗು ತಡೆದುಕೊಂಡೆ.

ಲಲ್ಲಾ ತಮಗೆ ಸರಿಕಂಡ ಹಾಗೆ ದೇವರ ಹೆಸರಿನ ಆ ಮಾತನ್ನು ಮೈಕಿಗೆ ಮೆಲ್ಲಗೆ ಹೇಳಿ ಎದ್ದರು. ವಾಪಸು ಬರುವ ದಾರಿಯಲ್ಲಿ ಮ್ಯಾನೇಜರ್‌ಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅಡುಗೆ ಯಂತ್ರ ಪ್ರಾರ್ಥನೆ ಮಾಡುವುದು ಬೇಡ, ಕತ್ತರಿಸು ಎಂದ. ಮನೆಗೆ ಬಂದು ಕತ್ತರಿಸಿದೆ. ಉಳಿದೆಲ್ಲ ಮಾತೂ ಇದ್ದೇ ಇತ್ತಲ್ಲ. ನೀರು ಸುಮ್ಮನೆ ಹೋಗಲಿ ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ವುಡ್‌ರಿಡ್ಜ್‌ನ ನಮ್ಮ ಅಡುಗೆಮನೆಯಲ್ಲಿ ಪರೀಕ್ಷೆ. ಕುಸ್ಕುಸ್ ಇರಲಿಲ್ಲವೆಂದು ಉಪ್ಪಿಟ್ಟಿನ ರವೆ ಹಾಕಿದೆ. ಲಲ್ಲಾ ಅವರ ದನಿ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಒಂದಕ್ಷರ ಅರ್ಥವಾಗದ ಸುಮಾ ಕುರ್ಚಿಯಲ್ಲಿ ಕೂತು, “ಈಯಮ್ಮನ್ನ ಇಲ್ಲೇ ಇಟ್ಕೊಳ್ಳೋಣ ರೀ, ನಿಮಗಿಂತ ಮೆತ್ತಗೆ ಮಾತಾಡ್ತಾರೆ” ಎಂದಳು. ರವೆ ಬೆಂದಿತು. ದೀಪ ಹಸಿರಾಯಿತು. ನೀರು ಹೋಗಬೇಕಿತ್ತು. ಹೋಗಲಿಲ್ಲ.

ಆರಿಸಿ ಹಚ್ಚಿದೆ. ಕೊಳವೆ ಬಿಚ್ಚಿ ಊದಿದೆ. ತಣ್ಣೀರು ಹಾಕಿದರೆ ಸರ್ರನೆ ಹೋಗುತ್ತಿತ್ತು. ಕುದಿನೀರಾದರೆ ನಿಂತುಬಿಡುತ್ತಿತ್ತು. ಹತ್ತಿರದ ಅರೋರಾದಲ್ಲಿದ್ದ ಪವನ್‌ಗೆ ಫೋನ್ ಮಾಡಿದೆ. ಯಂತ್ರವನ್ನು ರೂಪಿಸಿದ ಎಂಜಿನಿಯರ್ ಅವನೇ. ಬಂದವನು ಕೊಳವೆಯನ್ನೇ ಪೂರ್ತಿ ಕಿತ್ತ. ಟಾರ್ಚ್ ಹಿಡಿದು ಒಳಗೆ ನೋಡಿದ.

“ಸರ್, ವಾಲ್ವ್ ಓಪನ್ ಆಗಿದೆ. ತೂತು ಕಾಣ್ತಿದೆ. ನೀರು ತೂತಿನ ಬಾಯಲ್ಲೇ ನಿಂತಿದೆ. ಒಂದು ತೊಟ್ಟೂ ಬೀಳ್ತಿಲ್ಲ.”

ನಾನೂ ಬಗ್ಗಿ ನೋಡಿದೆ. ಯಂತ್ರದ ತಳದಲ್ಲಿ, ಸಿಂಕಿನ ಮೇಲೆ, ಬೆರಳು ತೂರುವಷ್ಟು ದೊಡ್ಡ ತೂತು ತೆರೆದುಕೊಂಡಿತ್ತು. ಅದರ ಬಾಯಲ್ಲಿ ಕುದಿಯುವ ನೀರು ಹೊಳೆಯುತ್ತ ನಡುಗುತ್ತಿತ್ತು, ಕೆಳಗಿಳಿಯಲು ಹಿಂಜರಿಯುವವರ ಹಾಗೆ. ಹಬೆಯಿಂದ ಕನ್ನಡಕ ಮಂಜಾಯಿತು. ಮಾರನೆಯ ಬೆಳಿಗ್ಗೆ ಹೀಗಾದರೆ ಎಂದುಕೊಂಡೆ. ಸುಮಾಳ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಯಂತ್ರವನ್ನು ಎತ್ತಿ ಗೋಡೆಗೆ ಬಡಿಯಬೇಕೆನ್ನಿಸಿತು. ಎತ್ತಿದ್ದರೆ ನನ್ನ ಬೆನ್ನಿಗೂ ಒಂದು ಆಪರೇಷನ್ ಬೇಕಾಗುತ್ತಿತ್ತು.

“ರೀ, ಆ ಮಾತು ಹೇಳಿ ನೋಡಿ” ಎಂದಳು ಸುಮಾ.

“ಯಾವ ಮಾತು?”

“ನೀವೇ ಹೇಳಿದ್ರಲ್ಲ, ಮೋರೀಲಿರೋರು ಸರೀಬೇಕು ಅಂತ. ಹೇಳಿದ್ರೆ ನಿಮ್ಮ ಗಂಟೇನೂ ಹೋಗಲ್ಲ.”

ಪವನ್ ಮುಂದೆ ನಾಚಿಕೆಯಾಯಿತು. ಲಲ್ಲಾ ಅವರ ಮಾತು ನನ್ನ ಬಾಯಲ್ಲಿ ಹೊರಳುತ್ತಲೂ ಇರಲಿಲ್ಲ. ಹತಾಶೆಯಲ್ಲಿ ಸಿಂಕಿನ ಕಡೆ ಬಾಗಿ, ಬಸ್ಸಿನಲ್ಲಿ ದಾರಿ ಕೇಳುವವನ ಹಾಗೆ, “ಸ್ವಲ್ಪ ಸರೀರಪ್ಪ, ಬಿಸಿನೀರು ಬರ್ತಾ ಇದೆ” ಎಂದೆ.

ಕೆಳಗೆ, ಸಿಂಕಿನ ಕೊಳವೆಯ ಒಳಗೆ, ಏನೋ ಸರಿದಾಡಿತು. ಊಟದ ಪಂಕ್ತಿಯಲ್ಲಿ ಹೊಸಬರಿಗೆ ಜಾಗ ಮಾಡಿಕೊಡಲು ನಾಲ್ಕಾರು ಜನ ಚಾಪೆಯ ಮೇಲೆ ಕೂತಲ್ಲೇ ಜರುಗಿದರೆ ಬರುವಂಥ ಸದ್ದು. ಅದು ನಿಂತಿತು. ಆಮೇಲೆ ನೀರು ಧುಮುಕಿತು.

ಪವನ್ ಕಾಫಿ ಕುಡಿಯದೆ ಹೋದ. ಸುಮಾ ಕುರ್ಚಿಯಿಂದ ಏಳಲು ಕೈ ಚಾಚಿದಳು. ಅವಳ ಅಂಗೈ ತಣ್ಣಗಿತ್ತು. ನಾನು ಇಷ್ಟು ದಿನ ಅರಬ್ಬಿ, ದಾರಿಜಾ ಎಂದು ಒದ್ದಾಡಿದ್ದೆ. ಯಂತ್ರ ಆಡಬೇಕಾದ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲೇ ಇಲ್ಲ.

ಆ ಸಂಜೆ ಮ್ಯಾನೇಜರ್‌ಗೆ ಹೇಳದೆ, ಕತ್ತರಿಸಿದ್ದ ಮಾತನ್ನು ಮತ್ತೆ ಸೇರಿಸಿದೆ. ಅವನಿಗೆ ತಿಳಿದರೆ ಕೆಲಸ ಹೋಗುತ್ತಿತ್ತು. ಸೇರಿಸದೆ ನೀರು ನಿಂತರೂ ಹೋಗುತ್ತಿತ್ತು.

ಸೋಮವಾರ ಕಾಸಾಬ್ಲಾಂಕಾದಿಂದ ಬಂದವರಲ್ಲಿ ಹಿರಿಯ ಹೆಂಗಸೊಬ್ಬರಿದ್ದರು. ಇಡೀ ವ್ಯಾಪಾರ ಅವರದೇ. ಲಲ್ಲಾ ಅವರ ದನಿ ಕೇಳಿ ಅವರ ಮುಖ ಸಡಿಲಾಯಿತು. ಕೊನೆಗೆ ಯಂತ್ರ ಆ ಮಾತನ್ನೂ ಹೇಳಿತು. ಮ್ಯಾನೇಜರ್ ಥಟ್ಟನೆ ನನ್ನ ಕಡೆ ತಿರುಗಿದ. ನಾನು ನೀರಿನ ಸದ್ದಿಗೆ ಕಾದೆ. ಸದ್ದು ಬರಲಿಲ್ಲ. ಪವನ್ ಕಣ್ಣು ಮುಚ್ಚಿಕೊಂಡಿದ್ದ. ಅಷ್ಟು ಜನರ ಮುಂದೆ ಸಿಂಕಿಗೆ ಬಾಗಿ ಕನ್ನಡ ಮಾತಾಡುವ ಧೈರ್ಯ ನನಗೆ ಬರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ ಆಪರೇಷನ್ ರದ್ದು ಮಾಡಿಸುವಾಗ ಏನು ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಕಟ್ಟತೊಡಗಿದ್ದೆ.

ಆ ಹೆಂಗಸು ಸಹಜವಾಗಿ, ಆಕಳಿಕೆ ಬಂದಾಗ ಚಿಟಿಕೆ ಹಾಕುವ ಹಾಗೆ, ತುಟಿಯಲ್ಲೇ ಏನೋ ಅಂದರು. ನೀರು ಹೋಯಿತು.

“ಇದು ಸರಿ” ಎಂದರು ಅವರು. “ಯಂತ್ರ ಹೇಳಿದರೆ ಅದು ಹೇಳಿದ ಹಾಗಲ್ಲ. ಮನೆಯವರೇ ಹೇಳಬೇಕು. ಅದು ನೆನಪು ಮಾಡಿಕೊಟ್ಟು, ಹೇಳುವ ತನಕ ಕಾಯುವ ಹಾಗೆ ಮಾಡಿದ್ದೀರಲ್ಲ, ಇಷ್ಟು ದೂರ ಕೂತವರಿಗೆ ಇದೆಲ್ಲ ಹೇಗೆ ಹೊಳೆಯಿತು?”

ಸ್ಥಳೀಯ ಸಂಸ್ಕೃತಿಯ ಅಧ್ಯಯನ ನಮ್ಮ ಕಂಪನಿಯ ಜೀವಾಳ ಎಂದ ಮ್ಯಾನೇಜರ್. ಒಪ್ಪಂದವಾಯಿತು. ಕಾಯುವ ಏರ್ಪಾಡಿನ ವಿವರ ಬರೆದುಕೊಡಲು ಪವನ್‌ಗೆ ಹೇಳಿದರು. ಅವನು ಯಂತ್ರವನ್ನು ತಿರುಪು ತಿರುಪಾಗಿ ಬಿಚ್ಚಿದ. “ಕಾಯೋ ಅಂಥದ್ದು ಇದರಲ್ಲಿ ಏನೂ ಇಲ್ಲ ಸರ್, ನಾನು ಹಾಕೇ ಇಲ್ಲ” ಎಂದು ನನಗೊಬ್ಬನಿಗೇ ಹೇಳಿ, ದನಿ ಕೇಳಿದ ಮೇಲೆ ತೆರೆಯುವ ಹೊಸ ವಾಲ್ವ್ ಒಂದನ್ನು ಇನ್ನೊಂದು ಯಂತ್ರಕ್ಕೆ ಕೂರಿಸಿಕೊಟ್ಟ. ಈಗ ಅಲ್ಲಿ ಮಾರಾಟವಾಗುವುದು ಆ ಯಂತ್ರ. ಮೊದಲಿನದನ್ನು ನೆನಪಿಗೆಂದು ಆ ಹೆಂಗಸು ಜೊತೆಯಲ್ಲಿ ಒಯ್ದರು.

ಸುಮಾಳ ಆಪರೇಷನ್ ಆಯಿತು. ಈಗ ಅವಳು ಗೋಡೆ ಹಿಡಿಯದೆ ನಡೆಯುತ್ತಾಳೆ, ಅನ್ನ ಬಸಿಯುವಾಗ ಆ ಮಾತು ಹೇಳುತ್ತಾಳೆ. ನಾನೂ ಹೇಳುತ್ತೇನೆ. ಸರಿದವರು ಮೊದಲಿನಿಂದ ನಮ್ಮ ಮನೆಯಲ್ಲಿದ್ದವರೋ, ಲಲ್ಲಾ ಅವರ ದನಿಯ ಜೊತೆ ನಾರ್ತ್‌ವಿಲ್‌ನಿಂದ ನನ್ನ ಕಾರಿನಲ್ಲಿ ಕೂತು ಬಂದವರೋ, ಯಂತ್ರದ ಜೊತೆ ಹೊರಟುಹೋದರೋ, ನನಗೆ ಗೊತ್ತಿಲ್ಲ. ಮೊನ್ನೆ ಮರೆತು, ಏನೂ ಹೇಳದೆ ಕುದಿನೀರು ಸುರಿದುಬಿಟ್ಟೆ. ಅದು ಒಂದು ಕ್ಷಣವೂ ನಿಲ್ಲದೆ ಇಳಿದುಹೋಯಿತು. ಪಾತ್ರೆ ಹಿಡಿದು ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಕೆಳಗಿನಿಂದ ನರಳಾಟವೇನಾದರೂ ಕೇಳಿಸೀತೇ ಎಂದು ಕಿವಿಗೊಟ್ಟೆ. ಕೇಳಿಸದಿರಲಿ ಎಂದೂ ಬೇಡಿಕೊಂಡೆ.