ಬಿಸಿ ಚಕ್ರಕ್ಕೆ ತೆಂಗಿನಕಾಯಿ

ಹೋದ ಭಾನುವಾರ ಕಾರಿಗೆ ಹೊಸ ಬ್ರೇಕ್ ಪ್ಯಾಡು, ಡಿಸ್ಕು ಹಾಕಿಸಿದೆ. "ಓಡಿಸ್ತಾ ಓಡಿಸ್ತಾ ತಾನೇ ಸರಿಹೋಗುತ್ತೆ ಮೇಡಂ," ಎಂದು ಅರಸೀಕೆರೆಯ ಗ್ಯಾರೇಜಿನ ಹುಡುಗ ಕೀ ಕೊಟ್ಟ. ನಾಲ್ಕು ಸಲ ಬ್ರೇಕ್ ಒತ್ತುವಷ್ಟರಲ್ಲಿ ಕಿಟಕಿಯಿಂದ ಸುಟ್ಟ ಘಾಟು ಬಂತು. ಹೊಸ ಪ್ಯಾಡು ಕಾಯುವ ವಾಸನೆ ಅದು. ಗಂಡಸಿ ರಸ್ತೆಯ ಮೆಕ್ಯಾನಿಕ್ ಅಣ್ಣ ಪಕ್ಕದ ಸೀಟಿಗೇ ಬಂದು ಕೂತ ಹಾಗಾಯಿತು...

ಹದಿನೈದು ವರ್ಷದ ಹಿಂದೆ ನನಗೆ ಹಳೇಬೀಡಿನ ಕಡೆಯ ಶಾಲೆಗೆ ವರ್ಗವಾಗಿತ್ತು. ಬಸ್ಸು ನಂಬಿದರೆ ಪ್ರಾರ್ಥನೆಯ ಹೊತ್ತಿಗೆ ತಲುಪುವುದು ಕನಸಿನ ಮಾತು. ಹಳೇ ಕಾರು ಕೊಂಡು ಓಡಿಸಲು ಕಲಿತೆ. ಮೂರನೇ ತಿಂಗಳಿಗೆ ಒಂದು ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಕಾರು ರಾಗಿ ಹೊಲಕ್ಕೆ ನುಗ್ಗಿತು. ಪೆಟ್ಟಾಗಲಿಲ್ಲ, ಆದರೆ ಕಾಲಿನ ನಡುಕ ವಾರವಾದರೂ ಹೋಗಲಿಲ್ಲ. "ಕಾರು ಮಾರು, ಇಲ್ಲಾ ಕೆಲಸ ಬಿಡು," ಎಂದರು ಮನೆಯವರು. ಎರಡಕ್ಕೂ ನಾನು ಒಪ್ಪಲಿಲ್ಲ.

"ಮಾರೋದಾದ್ರೆ ಮಾರಿ ಮೇಡಮ್ಮೋರೆ. ಹೆದ್ರುಕೊಂಡು ಮಾತ್ರ ಮಾರ್ಬೇಡಿ," ಎಂದವರು ಆ ಅಣ್ಣ. ಹಣೆಯ ಮೇಲೆ ವಿಭೂತಿ, ಮೊಣಕೈವರೆಗೆ ಗ್ರೀಸು. ಹೊಸ ಪ್ಯಾಡು, ಡಿಸ್ಕು ಹಾಕಿ, ಅವು ಒಂದಕ್ಕೊಂದು ಒಗ್ಗಲೆಂದು ತಾವೇ ಓಡಿಸಿ ತಂದರು. "ಆರಲಿ, ಮುಟ್ಬೇಡಿ," ಎಂದು ಕೈ ತೊಳೆಯಲು ಹೋದರು.

ನನ್ನ ಚೀಲದಲ್ಲಿ ತೆಂಗಿನಕಾಯಿ ಇತ್ತು. ಹೊಸದೇನು ಬಂದರೂ ಮೊದಲು ಕಾಯಿ ಒಡೆಯುವ ಊರು ನಮ್ಮದು. ನಾನೂ ಒಡೆದೆ. ಭಕ್ತಿಯಲ್ಲಿ ಪಕ್ಷಪಾತ ಬೇಡವೆಂದು ಮುಂದಿನ ಎರಡೂ ಚಕ್ರಕ್ಕೆ ಸಮನಾಗಿ ನೀರು ಹುಯ್ದೆ. ಚುಂಯ್ ಎಂದು ಆವಿ ಎದ್ದಿತು.

"ಅಯ್ಯಯ್ಯೋ! ಕಾದಿರೋ ಡಿಸ್ಕಿಗೆ ನೀರು ಹುಯ್ತಾರೇನ್ರೀ!" ಅಣ್ಣ ಒದ್ದೆ ಕೈಯಲ್ಲೇ ಓಡಿ ಬಂದರು. ಡಿಸ್ಕು ಸೊಟ್ಟಗಾಗಿತ್ತು. ಬ್ರೇಕ್ ಒತ್ತಿದರೆ ಸ್ಟೇರಿಂಗು ನನ್ನ ಕಾಲಿಗಿಂತ ಜೋರಾಗಿ ನಡುಗುತ್ತಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಹೊಸದು ಹಾಕಿದರು. ಕೀ ಮಾತ್ರ ನನ್ನ ಕೈಗಿಟ್ಟರು. "ಈ ಸಲ ಒಗ್ಗಿಸೋದು ನಿಮ್ಮ ಕೆಲ್ಸ. ನಾನು ಸುಮ್ನೆ ಕೂತಿರ್ತೀನಿ."

ಅವರೇನು ಸುಮ್ಮನೆ ಕೂರಲಿಲ್ಲ. "ಅರವತ್ತಕ್ಕೆ ಹೋಗಿ. ಈಗ ಒತ್ತಿ... ಪೂರ್ತಿ ನಿಲ್ಲಿಸ್ಬೇಡಿ. ಮತ್ತೆ ಹೋಗಿ." ಮೊದಲ ಸಲ ಕಣ್ಣು ಮಂಜಾಯಿತು. ಐದನೇ ಸಲಕ್ಕೆ ಹಲ್ಲು ಕಚ್ಚಿಕೊಂಡೆ. ಹತ್ತನೆಯದು ಮುಗಿದಾಗ ಕಾಲು ನಡುಗುತ್ತಿಲ್ಲವೆಂಬುದು ಗಮನಕ್ಕೆ ಬಂತು. ಆಮೇಲೆ ಬ್ರೇಕ್ ಹೆಚ್ಚು ಮುಟ್ಟದೆ ನಿಧಾನವಾಗಿ ಶೆಡ್ಡಿಗೆ ಮರಳಿದೆವು. ಬಹಳ ಹೊತ್ತು ಕಾದು, ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ ಅಣ್ಣ ಅಂದರು: "ಈಗ ಒಡೀರಿ."

ಮರುದಿನ ಅದೇ ಇಳಿಜಾರು ಇಳಿದು ಶಾಲೆಗೆ ಹೋದೆ. ಇವತ್ತಿಗೂ ಹೋಗುತ್ತಿದ್ದೇನೆ.

ಅಣ್ಣ ತೀರಿಕೊಂಡು ಎರಡು ವರ್ಷವಾಯಿತು. ಸುದ್ದಿ ನನಗೆ ತಡವಾಗಿ ತಿಳಿಯಿತು, ಮುಖ ನೋಡಲಾಗಲಿಲ್ಲ. ಆ ಸಂಕಟ ಹಾಗೇ ಇದೆ.

ಭಾನುವಾರ ಗ್ಯಾರೇಜಿನಿಂದ ಮನೆಗೆ ಹೋಗದೆ ಗಂಡಸಿ ರಸ್ತೆಗೆ ತಿರುಗಿಸಿದೆ. ಹತ್ತು ಸಲ ಬ್ರೇಕ್ ಒತ್ತಿದೆ, ಲೆಕ್ಕ ತಪ್ಪದೆ. ಅಣ್ಣನ ಶೆಡ್ಡಿನಲ್ಲಿ ಈಗ ಕೊಬ್ಬರಿ ಮೂಟೆಗಳಿವೆ. ಅದರೆದುರು ನಿಲ್ಲಿಸಿ ಒಂದು ಗಂಟೆ ಕಾದೆ. ಚಕ್ರದ ಹತ್ತಿರ ಅಂಗೈ ಹಿಡಿದೆ, ಬಿಸಿ ಇರಲಿಲ್ಲ. ಕಾಯಿ ಕೈಯಲ್ಲಿ ಹಿಡಿದು ಆಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದೆ... ಹೇಳುವವರು ಇರಲಿಲ್ಲ.

"ಈಗ ಒಡೀರಿ," ಎಂದು ನಾನೇ ಹೇಳಿಕೊಂಡು ಒಡೆದೆ.